ಡೀಸೆಲ್ ಕಡ್ಡಿಯ ಎರಡು ಗುರುತು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅಚ್ಚಿನಲ್ಲಿ ತಮ್ಮ ಹೆಸರು ಕಂಡರೆ ಸತ್ತ ಮೇಲೂ ಹೆದರಿಯಾರು. ಒಂದು ಸಲ ಹುಣಸೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಕಾಲೇಜಿನವರು ಯಾರೋ ಫೋಟೊ ತೆಗೆದುಕೊಳ್ಳುವಾಗ ಹಿಂದೆ ನಿಂತಿದ್ದ ಇವರ ಲಾರಿಯೂ ಅದರಲ್ಲಿ ಕೂತಿದ್ದ ಇವರೂ ಫೋಟೊದಲ್ಲಿ ಸೇರಿಬಿಟ್ಟರು. "ನಂದ್ಯಾಕೆ ತಗುದ್ರಿ ಸ್ವಾಮಿ, ನಾನೇನ್ ಮಾಡ್ದೆ?" ಎಂದು ಇಳಿದು ಹೋಗಿ ಕೇಳಿದರು. ಕಾಲೇಜಿನವರು ನಗುತ್ತಾ ಫೋಟೊ ಅಳಿಸಿ ತೋರಿಸಿದ ಮೇಲೇ ಇವರು ಲಾರಿ ಹತ್ತಿದ್ದು.

ಮೂವತ್ತು ವರ್ಷ ಲಾರಿ ಓಡಿಸಿದ ಈ ಮನುಷ್ಯನಷ್ಟು ಹೆದರುವವರನ್ನು ನಾನು ಬೇರೆ ಕಂಡಿಲ್ಲ. ಕಪ್ಪಿನ ಚಹಾವನ್ನು ಬಸಿಗೆ ಸುರಿದುಕೊಂಡು ಅದು ಪೂರ್ತಿ ಆರುವವರೆಗೆ ಕಾಯುತ್ತಿದ್ದರು, ನಾಲಿಗೆ ಸುಟ್ಟೀತೆಂದು. ಕಬಿನಿ ಸೇತುವೆ ಬಂದರೆ ರೇಡಿಯೊ ಆರಿಸುತ್ತಿದ್ದರು. ಯಾಕಣ್ಣ ಎಂದರೆ, ಕೆಳಗಿನಿಂದ ಏನಾದರೂ ಸದ್ದು ಬಂದರೆ ಕೇಳಿಸಬೇಕಲ್ಲ ಎನ್ನುವರು. ಮುಂದೆ ಹೋಗುವ ಬಸ್ಸನ್ನು ಅವರು ಹಿಂದೆ ಹಾಕಿದ್ದನ್ನು ಕಂಡವರಿಲ್ಲ. ಪಿರಿಯಾಪಟ್ಟಣದಿಂದ ತಂಬಾಕಿನ ಬೇಲು ತುಂಬಿಕೊಂಡು ಹೊರಟರೆ, ತಿರುವು ಇರಲಿ ಬಿಡಲಿ ಹುಣಸೂರಿನವರೆಗೂ ಹಾರನ್ನು. ಉಳಿದ ಡ್ರೈವರುಗಳು ಅವರನ್ನು ಪುಕ್ಕಲಪ್ಪ ಎಂದು ಕರೆಯುತ್ತಿದ್ದರು, ಅದೂ ಎದುರಿಗೇ. ಅವರಿಗೆ ಅದರಿಂದ ಬೇಜಾರಾದದ್ದನ್ನು ನಾನು ನೋಡಲಿಲ್ಲ. "ಊ ಕಣ್ಲಾ, ನಂಗೆ ಎದ್ರಿಕೆ," ಎನ್ನುವರು, ನನಗೆ ಹಸಿವು ಎಂದಷ್ಟೇ ಸಲೀಸಾಗಿ.

ನಾನು ಅದಕ್ಕೆ ತದ್ವಿರುದ್ಧ. ನಮ್ಮದು ಎನ್. ಬೇಗೂರಿಗೆ ಹತ್ತಿರದ ಊರು, ಹೊಲದ ಬೇಲಿ ದಾಟಿದರೆ ಕಾಡು. ಆನೆ ಓಡಿಸಲು ತಗಡು ಬಡಿಯುವುದು ನನಗೆ ರಾಗಿ ಮುದ್ದೆ ತಿರುವಿದಷ್ಟೇ ಮಾಮೂಲು. ಬಾಯಿಯೂ ಜೋರು. ನಮ್ಮ ಮನೆಯವರಿಗೆ ಸೊಂಟ ಹಿಡಿದ ಮೇಲೆ ಅವರ ಲಾರಿಯಲ್ಲಿ ನಮ್ಮ ಶುಂಠಿ ಲೋಡಿನ ಜೊತೆ ಕೇರಳದ ಮಾನಂತವಾಡಿಗೆ ನಾನೇ ಹೋಗಲು ಶುರುಮಾಡಿದೆ. ಅಲ್ಲಿನ ತೂಕದವನ ಎದುರು ನಿಂತುಕೊಳ್ಳದಿದ್ದರೆ ನನಗೆ ಸಮಾಧಾನವಿಲ್ಲ. ಹಾಗೆ ಐದಾರು ವರ್ಷ ಆ ಲಾರಿಯ ಎಡಗಡೆ ಸೀಟಿನಲ್ಲಿ ಕೂತು, ಬಲಗಡೆ ಸೀಟಿನಲ್ಲಿದ್ದ ಹೆದರಿಕೆಯನ್ನು ಕಿಚಾಯಿಸುತ್ತಾ ಹೋಗಿ ಬಂದೆ.

ಅವರ ಸೀಟಿನ ಹಿಂದೆ ಒಂದು ಬಿದಿರಿನ ಕಡ್ಡಿ ಇರುತ್ತಿತ್ತು, ಎರಡೂವರೆ ಅಡಿ ಇದ್ದೀತು, ಬೆರಳು ದಪ್ಪದ್ದು. ಲಾರಿಯ ಡೀಸೆಲ್ ಅಳತೆಯ ಮುಳ್ಳು ಕೆಟ್ಟು ಯಾವ ಕಾಲವಾಗಿತ್ತೋ. ಕೆಡದಿದ್ದರೂ ಅವರು ಮುಳ್ಳನ್ನು ನಂಬುತ್ತಿರಲಿಲ್ಲ ಬಿಡಿ. ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿಯನ್ನು ತಳ ಮುಟ್ಟುವವರೆಗೆ ಇಳಿಸಿ, ಎತ್ತಿ, ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ನೋಡುವುದು. ಕಡ್ಡಿಯ ಸುತ್ತ ಕೆಂಪು ಬಣ್ಣದ ಒಂದು ಗುರುತು ಹಾಕಿದ್ದರು. ಒದ್ದೆ ಆ ಕೆಂಪನ್ನು ಮುಟ್ಟಿದ್ದರೆ ಕೇರಳಕ್ಕೆ ಹೋಗಿ ವಾಪಸ್ಸು ಬರಬಹುದು. ಮುಟ್ಟದಿದ್ದರೆ ಕಾಡಿನೊಳಗೆ ಚಕ್ರ ಇಡುವಂತಿಲ್ಲ, ಲಾರಿ ಮಾಲೀಕನೇ ಬಂದು ಹೇಳಿದರೂ ಇಲ್ಲ. ಬೇರೆ ಯಾರಾದರೂ ಆ ಕಡ್ಡಿ ಮುಟ್ಟಿದರೆ ಮಾತ್ರ ಅವರಿಗೆ ಎಲ್ಲಿಲ್ಲದ ಸಿಟ್ಟು.

ಆ ಕಡ್ಡಿಯನ್ನು ನಾನು ಮುರಿದೆ.

ಶುಂಠಿ ಕೀಳುವ ಕಾಲ. ಅವತ್ತು ಲೋಡು ಮಾಡುವುದು ತಡವಾಗಿತ್ತು. ಕಾಡು ಮುಗಿದು ಕೇರಳ ಶುರುವಾಗುವ ಬಾವಲಿಯ ಗೇಟು ಸಂಜೆ ಆರಕ್ಕೆ ಮುಚ್ಚುತ್ತದೆ, ಮುಚ್ಚಿದರೆ ಬೆಳಿಗ್ಗೆ ಆರಕ್ಕೇ ತೆಗೆಯುವುದು. ಅವರು ಊಟಕ್ಕೆ ಕೂತಿದ್ದಾಗ ನಾನು ಲಾರಿಯ ಮೇಲೆ ಹತ್ತಿ ಟಾರ್ಪಾಲಿನ ಹಗ್ಗವನ್ನು ಮೂಟೆಗಳ ಸಂದಿಯಿಂದ ತೂರಿಸಲು ಆ ಕಡ್ಡಿಯನ್ನೇ ತೆಗೆದುಕೊಂಡೆ. ಅದರ ತುದಿ ಮೂಟೆಗೂ ಹಲಗೆಗೂ ನಡುವೆ ಸಿಕ್ಕಿಕೊಂಡಿತು. ಎಳೆದೆ, ಬರಲಿಲ್ಲ. ಜೋರಾಗಿ ಎಳೆದೆ, ಲಟಕ್ ಎಂದಿತು. ಕೆಳಗಿನ ನಾಲ್ಕು ಬೆರಳಿನಷ್ಟು ತುಂಡು ಮೂಟೆಗಳ ನಡುವೆಯೇ ಉಳಿದುಬಿಟ್ಟಿತು.

ಆಗ ಹೇಳಬಹುದಿತ್ತು. ಅವರು ಒಂದು ಗಳಿಗೆ ಕೂಗಾಡುತ್ತಿದ್ದರು, ಹೊಸ ಕಡ್ಡಿ ಕತ್ತರಿಸಿಕೊಳ್ಳುತ್ತಿದ್ದರು, ಅಷ್ಟೇ. ಆದರೆ ಐದಾರು ವರ್ಷದಿಂದ ಅವರನ್ನು ಆಡಿಕೊಂಡು ನಗುತ್ತಿದ್ದವಳು ಈಗ ಅವರ ಬಾಯಿಂದ ಬೈಸಿಕೊಳ್ಳಬೇಕಲ್ಲ, ಅದೂ ಕೂಲಿಯವರ ಎದುರು. ಕುಡುಗೋಲಿನಿಂದ ಮುರಿದ ತುದಿಯನ್ನು ನಯವಾಗಿ ಹೆರೆದು, ಕಡ್ಡಿಯನ್ನು ಇದ್ದ ಜಾಗದಲ್ಲೇ ಇಟ್ಟು ಕೆಳಗಿಳಿದೆ. ಒಂದು ಕಡ್ಡಿ ತಾನೆ ಎಂದುಕೊಂಡೆ.

ಸರಗೂರು ದಾಟಿ ಹ್ಯಾಂಡ್‌ಪೋಸ್ಟ್‌ನ ಪೆಟ್ರೋಲ್ ಬಂಕಿಗೆ ಬಂದಾಗ ನಾಲ್ಕು ಗಂಟೆ ಆಗುತ್ತಾ ಬಂದಿತ್ತು. ಬಂಕಿನಲ್ಲಿ ಟ್ರ್ಯಾಕ್ಟರುಗಳ ಸಾಲು. ಅವರು ಇಳಿದು ಕಡ್ಡಿ ಅದ್ದಿದರು. ಒದ್ದೆ ಕೆಂಪು ಗುರುತನ್ನು ಮುಟ್ಟಿತ್ತು. ತಳದ ನಾಲ್ಕು ಬೆರಳು ಇಲ್ಲದ ಕಡ್ಡಿ, ಟ್ಯಾಂಕಿನಲ್ಲಿ ಇದ್ದದ್ದಕ್ಕಿಂತ ನಾಲ್ಕು ಬೆರಳು ಹೆಚ್ಚು ತೋರಿಸಿತ್ತು. ಅವರು ಇನ್ನೊಂದು ಸಲ ಅದ್ದಿ ನೋಡಿದರು.

"ಇಷ್ಟು ಇರಕ್ಕಿಲ್ಲ ಅನ್ಕಂಡಿದ್ದೆ," ಎಂದರು. "ನೆನ್ನೆ ಲಾರೀನ ಇನ್ನೊಬ್ಬ ಡ್ರೈವರು ಭೇರ್ಯಕ್ಕೆ ಒಡ್ಕಂಡೋಗಿದ್ದ. ಅವನೇ ಡೀಸೆಲ್ ಉಯ್ಸಿರ್ಬೇಕು." ಆಮೇಲೆ ಕಡ್ಡಿಯನ್ನು ಕೈಯಲ್ಲಿ ಆಡಿಸಿ, "ಯಾಕೋ ಕಡ್ಡಿ ಗಿಡ್ಡ ಆದಂಗದೆ ಕಣವ್ವ."

"ನಿಮ್ ಕೈಯೇ ಉದ್ದ ಆಗ್ಯದೆ ಬುಡಣ್ಣ," ಎಂದೆ. "ಒರಡಿ ಒರಡಿ, ಗೇಟ್ ಮುಚ್ತಾರೆ."

ಅವರು ನಕ್ಕು ಲಾರಿ ಹತ್ತಿದರು. ಆ ನಗುವನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಅಂತರಸಂತೆ ದಾಟಿ, ಕಾಡಿನ ಗೇಟು ದಾಟಿ ಎಷ್ಟೋ ದೂರ ಹೋದ ಮೇಲೆ ಒಂದು ಏರು. ಅರ್ಧ ಏರಿನಲ್ಲಿ ಎಂಜಿನ್ ಮುಗ್ಗರಿಸಿತು, ಮತ್ತೆ ಹಿಡಿಯಿತು, ಮತ್ತೆ ಮುಗ್ಗರಿಸಿ ನಿಂತೇಹೋಯಿತು. ಅವರು ಲಾರಿಯನ್ನು ಪಕ್ಕಕ್ಕೆ ಸರಿಸಿ ಹ್ಯಾಂಡ್ ಬ್ರೇಕ್ ಹಾಕಿದರು. ಬಿಸಿಲು ಇನ್ನೂ ಇತ್ತು. ಎಂಜಿನ್ ನಿಂತ ಮೇಲೆ ಕಾಡು ಎಷ್ಟು ಸುಮ್ಮನಿದೆ ಎನ್ನುವುದು ಗೊತ್ತಾಯಿತು. ಫೋನಿಗೆ ಸಿಗ್ನಲ್ ಇಲ್ಲ. ಗಾಡಿ ನಿಲ್ಲಿಸಬಾರದು, ಇಳಿಯಬಾರದು ಎಂಬ ಬೋರ್ಡು ಎದುರಿಗೇ ಇತ್ತು. ಕೇರಳದ ಕಡೆ ಹೋಗುತ್ತಿದ್ದ ಒಂದು ಕಾರಿನವನು ಗಾಜು ಇಳಿಸಿ, ಹಿಂದಕ್ಕೆ ಕೈ ತೋರಿಸಿ ಮಲಯಾಳದಲ್ಲಿ ಏನೋ ಕೂಗುತ್ತಾ ನಿಲ್ಲಿಸದೆ ಹೋದ. "ಆನ" ಎಂಬುದೊಂದು ನನಗೆ ಕೇಳಿಸಿತು.

ಅವರು ಕಡ್ಡಿ ಹಿಡಿದು ಇಳಿದರು. ನಾನೂ ಇಳಿದೆ. ಟ್ಯಾಂಕಿಗೆ ಅದ್ದಿ ತೆಗೆದರು. ತುದಿ ಮಾತ್ರ ಒದ್ದೆ. ತುದಿಯನ್ನೇ ನೋಡಿದರು. ಹೆರೆದ ಜಾಗ, ಹಳೆಯ ಬಿದಿರಿನ ಮೇಲೆ ಹೊಸದಾಗಿ ಬೆಳ್ಳಗೆ ಕಾಣುತ್ತಿತ್ತು. ತಲೆ ಎತ್ತಿ ನನ್ನನ್ನು ನೋಡಿದರು. ನಾನು ಕಾಡಿನ ಕಡೆ ನೋಡಿದೆ.

"ನಂಗೆ ಬೋ ಎದ್ರಿಕೆ ಆಯ್ತಾ ಅದೆ ಕಣವ್ವ," ಎಂದರು ಅಷ್ಟೇ.

ಪುಕ್ಕಲರ ಲಾರಿಯಲ್ಲಿ ಇಲ್ಲದ್ದೇನು? ಸೀಟಿನ ಕೆಳಗೆ ಐದು ಲೀಟರಿನ ಕ್ಯಾನಿನಲ್ಲಿ ಡೀಸೆಲ್ ಇತ್ತು. ಅದನ್ನು ನಾನು ಎಷ್ಟು ಸಲ ಗೇಲಿ ಮಾಡಿದ್ದೆನೋ. ಟ್ಯಾಂಕಿಗೆ ಸುರಿದರು. ನಾನು ಓಡಿಹೋಗಿ ನನ್ನ ಸೀಟು ಹತ್ತಿ, "ಸೆಲ್ಫ್ ಒಡೆದು ಸ್ಟಾರ್ಟ್ ಮಾಡ್ರಣ್ಣ, ಓಗಣ" ಎಂದೆ.

"ಅಂಗಾಗಕ್ಕಿಲ್ಲ. ಡೀಸೆಲ್ ಖಾಲಿಯಾಗಿ ಪೈಪ್‌ನೊಳಕೆ ಗಾಳಿ ಒಕ್ಕಂಡದೆ. ಗಾಳಿ ಆಚೆಗೆ ಬರ್ದೆ ಇಂಜಿನ್ನು ಡೀಸೆಲ್ ಕುಡಿಯಕ್ಕಿಲ್ಲ. ಏರ್ ತಗೀಬೇಕು. ಒಬ್ನ ಕೈಲಿ ಬೇಗ ಆಗಕ್ಕಿಲ್ಲ ಕಣವ್ವ, ಇಳಿ."

ಇಳಿದೆ. ಮುಂದಿನ ಚಕ್ರದ ಹಿಂದೆ, ಎಂಜಿನ್ನಿನ ಪಕ್ಕದಲ್ಲಿ ಬೆರಳಿನಿಂದ ಒತ್ತುವ ಒಂದು ಸಣ್ಣ ಕೈಪಂಪು. ಅದರಿಂದ ಮೇಲೆ ಡೀಸೆಲ್ ಫಿಲ್ಟರು, ಫಿಲ್ಟರಿನ ನೆತ್ತಿಯಲ್ಲಿ ಒಂದು ಸ್ಕ್ರೂ. ಅವರು ಚಕ್ರದ ಪಕ್ಕ ಮಂಡಿಯೂರಿ ತಲೆ ಒಳಗೆ ಹಾಕಿ ಪಂಪು ಒತ್ತಬೇಕು. ನಾನು ಸ್ಪ್ಯಾನರ್ ಹಿಡಿದು ಆ ಸ್ಕ್ರೂ ಸಡಿಲಿಸಿ ಕಾಯಬೇಕು. ಮೊದಲು ಗಾಳಿ ಬರುತ್ತದೆ, ಆಮೇಲೆ ನೊರೆ, ಆಮೇಲೆ ಗುಳ್ಳೆ ಗುಳ್ಳೆಯಾಗಿ ಡೀಸೆಲ್, ಕೊನೆಗೆ ಗುಳ್ಳೆ ಇಲ್ಲದ ತಿಳಿ ಡೀಸೆಲ್. ಆಗ ಬಿಗಿ ಮಾಡಬೇಕು, ಅದಕ್ಕೆ ಮುಂಚೆ ಅಲ್ಲ.

ಅವರಿಗೆ ಒಂದು ಅಭ್ಯಾಸವಿತ್ತು. ಕೆಲಸ ಮಾಡುವಾಗ ಮಾಡಿದ್ದನ್ನೆಲ್ಲ ಬಾಯಿ ಬಿಟ್ಟು ಹೇಳಿಕೊಳ್ಳುವುದು. ಹೆದರಿಕೆಯಲ್ಲಿ ಮರೆತುಹೋಗುತ್ತದೆ ಎಂದು. "ಡೀಸೆಲ್ ಉಯ್ದೆ. ಮುಚ್ಚಳ ಆಕ್ದೆ. ಸ್ಕ್ರೂ ಬುಟ್ಟೆ. ಪಂಪ್ ಒತ್ತಾ ಇವ್ನಿ." ಅವತ್ತೂ ಹಾಗೇ, ನಡುಗುವ ದನಿಯಲ್ಲಿ, ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸುತ್ತಿದ್ದರು. ನಡುನಡುವೆ ನನ್ನನ್ನು ಕೇಳುವರು, "ಏನ್ ಬತ್ತಾ ಅದೆ?"

"ನೊರೆ."

"ಊ."

ಆಗ ಹಿಂದೆ ಬಿದಿರು ಮುರಿದ ಸದ್ದು. ಕಾಡಂಚಿನ ಊರಿನವಳಾದ ನನಗೆ ಆ ಸದ್ದು ಚೆನ್ನಾಗಿ ಗೊತ್ತು. ತಿರುಗಿ ನೋಡಿದೆ. ನಾವು ಬಂದ ರಸ್ತೆಯಲ್ಲೇ, ಮೂವತ್ತು ಮಾರು ದೂರದಲ್ಲಿ, ಒಂದು ಹೆಣ್ಣಾನೆ. ಅದರ ಹೊಟ್ಟೆಯ ಕೆಳಗೆ ಮರಿ. ಹೊಲದಂಚಿನಲ್ಲಿ ಹತ್ತು ಜನರ ನಡುವೆ ನಿಂತು ತಗಡು ಬಡಿಯುವಾಗ ಕಾಣುವ ಆನೆಯೇ ಬೇರೆ, ಅದರ ಮನೆಯಲ್ಲಿ ನಾವಿದ್ದಾಗ ಕಾಣುವ ಆನೆಯೇ ಬೇರೆ. ಕೂಗೋಣವೆಂದರೆ ದನಿಯೇ ಇಲ್ಲ. ಐದಾರು ವರ್ಷ ಬಾಯಿ ಬಡಿದುಕೊಂಡು ಬಂದ ಧೈರ್ಯಸ್ಥೆ ನಾನೇನಾ ಎನಿಸಿತು.

"ಆನೆ," ಎಂದೆ, ಹೇಗೋ.

"ಮರಿ ಅದಾ?"

"ಅದೆ."

ಅವರ ಉಸಿರು ಒಂದು ಸಲ ನಿಂತದ್ದು ನನಗೆ ಕೇಳಿಸಿತು. ಪಂಪು ಮಾತ್ರ ನಿಲ್ಲಲಿಲ್ಲ. ಚಕ್ರದ ಸಂದಿಯೊಳಗೆ ತಲೆಯಿಟ್ಟವರಿಗೆ ಏನೂ ಕಾಣುತ್ತಿರಲಿಲ್ಲ. ನೋಡುವವಳು ನಾನೊಬ್ಬಳೇ.

"ಗುಳ್ಳೆ ನಿಲ್ತಾ?"

ನಿಂತಿರಲಿಲ್ಲ. ಸ್ಕ್ರೂವಿನ ಸುತ್ತ ಬುಳಬುಳನೆ ಬರುತ್ತಿತ್ತು. ಆನೆ ಕಿವಿ ಅಗಲಿಸಿ ಎರಡು ಹೆಜ್ಜೆ ಮುಂದೆ ಬಂತು.

"ನಿಲ್ತು," ಎಂದೆ. ಸ್ಕ್ರೂ ಬಿಗಿ ಮಾಡಿ, ಸ್ಪ್ಯಾನರ್ ಅಲ್ಲೇ ಬಿಟ್ಟು ಲಾರಿ ಹತ್ತಿ ಬಾಗಿಲು ಹಾಕಿಕೊಂಡೆ.

ಅವರು ಸ್ಪ್ಯಾನರ್ ಎತ್ತಿಕೊಂಡು ಬಂದು ಸೆಲ್ಫ್ ಹೊಡೆದರು. ಎಂಜಿನ್ ತಿರುಗಿತು, ಹಿಡಿಯಲಿಲ್ಲ. ಇನ್ನೊಂದು ಸಲ. ಬ್ಯಾಟರಿಯ ದನಿ ಇಳಿಯುತ್ತಾ ಹೋಯಿತು. ಮೂರನೆಯ ಸಲ ಅದು ಮುದುಕರು ಎದ್ದು ಕೂರುವ ಹಾಗೆ ನರಳಿತು. ಅವರು ಕೈ ತೆಗೆದುಬಿಟ್ಟರು. ಕನ್ನಡಿಯಲ್ಲಿ ಆನೆ ಕಾಣುತ್ತಿತ್ತು. ಅದು ನಿಂತಲ್ಲೇ ನೆಲ ಕೆರೆದು ಮಣ್ಣು ತೂರಿಕೊಳ್ಳುತ್ತಿತ್ತು. ಅವರ ಹಣೆಯಿಂದ ಬೆವರು ಇಳಿದು ಗಲ್ಲದಲ್ಲಿ ತೊಟ್ಟಿಕ್ಕುತ್ತಿತ್ತು.

"ಇನ್ನು ಒಂದೇ ಸಲಕ್ಕೆ ಬ್ಯಾಟ್ರಿ ಅದೆ," ಎಂದರು. ಮೆಲ್ಲಗೆ, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. "ನಿಜ ಏಳು ಕಣವ್ವ. ಬಯ್ಯಕ್ಕಿಲ್ಲ. ಗುಳ್ಳೆ ನಿಂತಿತ್ತಾ?"

ಅವತ್ತು ಮಧ್ಯಾಹ್ನದಿಂದ ನಾನು ಒಂದೂ ನಿಜ ಹೇಳಿರಲಿಲ್ಲ.

"ಇಲ್ಲ ಅಣ್ಣ. ನಿಂತಿರ್ನಿಲ್ಲ. ಎದ್ರಿಕೆ ಆಯ್ತು, ಬಿಗಿ ಮಾಡ್ಬುಟ್ಟೆ."

"ಅಯ್ಯೋ, ಅಷ್ಟೇಯ," ಎಂದರು. ನನ್ನಾಣೆ, ಅವರ ಮುಖದಲ್ಲಿ ಒಂದು ಸಮಾಧಾನ ಕಂಡಿತು. "ನಂಗೂ ಎದ್ರಿಕೆ. ಇಬ್ರೂ ಎದ್ರುಕಂಡೇ ಮಾಡಣ, ಬಾ."

ಮತ್ತೆ ಇಳಿದೆವು. ಬಾಗಿಲು ಸದ್ದಾಗದಂತೆ ತೆರೆದಿಟ್ಟೆವು. ಅವರು ಮಂಡಿಯೂರಿದರು, ನಾನು ಸ್ಕ್ರೂ ಬಿಟ್ಟೆ. ಈ ಸಲ ಅವರು ನನ್ನ ಕೈಲೂ ಹೇಳಿಸಿದರು. "ಸ್ಕ್ರೂ ಬುಟ್ಟೆ," ಎಂದೆ. "ನೊರೆ," ಎಂದೆ. "ಗುಳ್ಳೆ," ಎಂದೆ. ಹಿಂದೆ ಕಾಲು ಎಳೆಯುವ ಸದ್ದು ಹತ್ತಿರವಾಯಿತು, ಮರಿ ಕಿಚ್ ಎಂದಿತು. ನನ್ನ ಸೀರೆ ಒದ್ದೆಯಾಗಿತ್ತು, ಅದು ಡೀಸೆಲೋ ಇನ್ನೊಂದೋ ನಾನು ಬರೆಯುವುದಿಲ್ಲ. ಆನೆಯ ವಾಸನೆ, ಹುಳಿ ಹುಲ್ಲಿನ ವಾಸನೆ, ಮೂಗಿಗೆ ಬಂತು. ತಿರುಗಿ ನೋಡಿದರೆ ಓಡಿಬಿಡುತ್ತೇನೆ ಎಂದು ಗೊತ್ತಿತ್ತು. ಸ್ಕ್ರೂವನ್ನೇ ನೋಡಿದೆ. ಅಷ್ಟು ದಿಟ್ಟಿಸಿ ನಾನು ನನ್ನ ಮಕ್ಕಳ ಮುಖವನ್ನೂ ನೋಡಿಲ್ಲ.

"ಗುಳ್ಳೆ."

"ಊ."

"ಗುಳ್ಳೆ."

"ಊ ಕಣವ್ವ, ನಿಧಾನಕ್ಕೆ ನೋಡು."

"ಒಂದು ಗುಳ್ಳೆ. ಇನ್ನೊಂದು." ಆಮೇಲೆ ಎಳ್ಳೆಣ್ಣೆಯ ಹಾಗೆ ತಿಳಿಯಾಗಿ, ಸದ್ದಿಲ್ಲದೆ ಹರಿಯಿತು. ಆದರೂ ಇನ್ನೂ ಐದು ಎಣಿಸಿದೆ. "ನಿಲ್ತು ಅಣ್ಣ. ದೇವ್ರಾಣೆ ನಿಲ್ತು."

"ಬಿಗಿ ಮಾಡು."

"ಬಿಗಿ ಮಾಡ್ದೆ."

ಹತ್ತಿದೆವು. ಅವರು ದೇವರ ಪಟ ಮುಟ್ಟಲಿಲ್ಲ, ಸ್ಟಿಯರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು ಸೆಲ್ಫ್ ಹೊಡೆದರು. ನರಳಿತು, ನರಳಿತು, ಒಂದು ಸಲ ಕೆಮ್ಮಿತು, ಬಿಳಿ ಹೊಗೆ ಉಗುಳಿತು, ಹಿಡಿಯಿತು. ಕನ್ನಡಿಯಲ್ಲಿ ಆನೆ ತಲೆ ತಗ್ಗಿಸಿ ಓಡಿ ಬರುವುದು ಕಂಡಿತು. ಲಾರಿ ಏರು ಹತ್ತಿತು. ಸ್ವಲ್ಪ ದೂರ ಅಟ್ಟಿಸಿಕೊಂಡು ಬಂದು, ಮರಿ ಹಿಂದೆ ಉಳಿಯಿತೆಂದೋ ಏನೋ, ಅದು ನಿಂತಿತು. ಅವರು ಆಗಲೂ ತಿರುವಿನಲ್ಲಿ ಹಾರನ್ ಹೊಡೆದರು. ನನಗೆ ಅಳು ಬಂತು. ಅವರಿಗೂ ಬಂದಿತ್ತು, ತೋಳಿನಲ್ಲಿ ಒರೆಸಿಕೊಳ್ಳುತ್ತಲೇ ಲಾರಿ ಓಡಿಸಿದರು.

ಬಾವಲಿಯ ಗೇಟು ದಾಟಿದಾಗ ಆರಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಗೇಟಿನಾಚೆ ಚಹಾದಂಗಡಿಯ ಎದುರು ಲಾರಿ ನಿಲ್ಲಿಸಿ, ಬಸಿಯಲ್ಲಿ ಚಹಾ ಆರಲಿಟ್ಟು, ಅವರು ಆ ಕಡ್ಡಿಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಈಗ ಕೇಳುತ್ತಾರೆ ಎಂದುಕೊಂಡೆ.

"ಎಷ್ಟು?" ಎಂದರು.

ನಾನು ನಾಲ್ಕು ಬೆರಳು ಎತ್ತಿದೆ.

"ಎಲ್ಲಿ, ಕೈ ಇಡು." ಕೆಂಪು ಗುರುತಿನಿಂದ ಮೇಲಕ್ಕೆ ನನ್ನ ನಾಲ್ಕು ಬೆರಳನ್ನು ಅಡ್ಡಲಾಗಿ ಇಡಿಸಿದರು. ಬೆರಳು ಮುಗಿದಲ್ಲಿ ಚಾಕುವಿನಿಂದ ಒಂದು ಗೀರು ಹಾಕಿದರು. "ಇನ್ನು ಇದು ಕೇರಳದ ಗುರ್ತು," ಎಂದು ಕಡ್ಡಿಯನ್ನು ಸೀಟಿನ ಹಿಂದೆ ಇಟ್ಟರು. ಚಹಾ ಆರಿತ್ತು, ಕುಡಿದರು. ಆ ಮಾತು ಅಲ್ಲಿಗೆ ಮುಗಿಯಿತು.

ಮಾಲೀಕನಿಗೆ, ತಮ್ಮದೇ ತಪ್ಪು, ಅಳತೆ ಸರಿಯಾಗಿ ನೋಡಲಿಲ್ಲ ಎಂದು ಹೇಳಿದರಂತೆ. ಪುಕ್ಕಲಪ್ಪನ ಡೀಸೆಲೇ ಖಾಲಿಯಾಯಿತಂತೆ ಎಂದು ಹುಣಸೂರಿನ ಸ್ಟ್ಯಾಂಡಿನಲ್ಲಿ ಒಂದು ವರ್ಷ ನಗೆಯೋ ನಗೆ. ಎರಡು ಸಲ ಆ ನಗೆಯ ನಡುವೆ ನಾನೂ ನಿಂತಿದ್ದೆ. ನಾನು ಮುರಿದೆ ಎನ್ನುವ ಎರಡು ಪದ ನನ್ನ ಬಾಯಿಂದ ಹೊರಡಲಿಲ್ಲ. ಅವರು "ಊ ಕಣ್ಲಾ, ವಯಸ್ಸಾಯ್ತು" ಎಂದು ನಗುವವರ ಜೊತೆ ತಾವೂ ನಗುವರು. ನಂತರ ಆ ಗೀರಿಗೂ ಕೆಂಪು ಬಣ್ಣ ಬಿತ್ತು. ಹಳೆಯ ಗುರುತನ್ನು ಮಾತ್ರ ಅವರು ಅಳಿಸಲಿಲ್ಲ.

ಈ ವರ್ಷ ಅವರು ತೀರಿಕೊಂಡರು. ರಸ್ತೆಯಲ್ಲಿ ಸಾಯುತ್ತೇನೇನೋ ಎಂಬುದು ಅವರ ಎಲ್ಲಕ್ಕಿಂತ ದೊಡ್ಡ ಹೆದರಿಕೆಯಾಗಿತ್ತು. ಹಾಗಾಗಲಿಲ್ಲ, ಮನೆಯಲ್ಲಿ, ಮಂಚದ ಮೇಲೆ, ಹೆಂಡತಿಯ ಕೈಯಿಂದ ನೀರು ಕುಡಿದು ಹೋದರು.

ಹನ್ನೊಂದನೆಯ ದಿನದ ಕಾರ್ಯಕ್ಕೆ ಹುಣಸೂರಿನ ಹತ್ತಿರದ ಅವರ ಊರಿಗೆ ಹೋದೆ. ಫೋಟೊ ಎಂಬುದಕ್ಕೆ ಲೈಸೆನ್ಸಿನಲ್ಲಿದ್ದ ಚಿತ್ರವನ್ನೇ ದೊಡ್ಡದು ಮಾಡಿಸಿದ್ದರು. ಅದರಲ್ಲೂ ಗಾಬರಿಯ ಮುಖ. ಮುಂದೆ ಎಡೆ ಇಟ್ಟಿದ್ದರು: ಮುದ್ದೆ, ಅವರೆಕಾಳಿನ ಸಾರು, ಬಸಿಯಲ್ಲಿ ಚಹಾ. ಪಕ್ಕದಲ್ಲಿ ಅವರ ಟವೆಲ್ಲು, ಸ್ಪ್ಯಾನರ್, ಆ ಕಡ್ಡಿ. ಆ ಲಾರಿಯನ್ನು ಈಗ ಅವರ ಅಳಿಯ ಓಡಿಸುತ್ತಾನೆ. ಊಟಕ್ಕೆ ಮುಂಚೆ ಅವನು ಕಡ್ಡಿಯನ್ನು ಎತ್ತಿಕೊಂಡು ಜಗುಲಿಯಲ್ಲಿ ಕೂತ ಡ್ರೈವರುಗಳ ಎದುರು ಹಿಡಿದ.

"ನಾಳೀಕೆ ಕೇರಳಕ್ಕೆ ಶುಂಠಿ ಲೋಡ್ ಅದೆ. ಇದ್ರಲ್ಲಿ ಎಲ್ಡು ಗುರ್ತು ಅವೆ, ಯಾವ್ದು ಸರಿ? ಮಾವ ಏಳ್ನೇ ಇಲ್ಲ."

"ಕೆಳಗ್ಲುದೇ ಕಣ್ಲಾ," ಎಂದ ಒಬ್ಬ. "ಮ್ಯಾಗ್ಲುದು ಪುಕ್ಕಲಪ್ಪನ ಎದ್ರಿಕೆ ಗುರ್ತು." ಎಲ್ಲರೂ ನಕ್ಕರು. ಅಳಿಯನೂ ಹೌದೆಂಬಂತೆ ತಲೆಯಾಡಿಸಿದ.

ನನ್ನ ಎದೆ ಹೊಡೆದುಕೊಳ್ಳಲು ಶುರುವಾಯಿತು. ಆ ಏರಿನಲ್ಲಿ ಹೊಡೆದುಕೊಂಡದ್ದಕ್ಕಿಂತ ಜೋರಾಗಿ. ಅಷ್ಟು ಜನ, ಅವರ ಹೆಂಡತಿ, ಮಗಳು, ಇವರೆಲ್ಲರ ಎದುರು. ಫೋಟೊ ನೋಡಿದೆ. ಎದ್ದು ಹೋಗಿ ಅಳಿಯನ ಕೈಯಿಂದ ಕಡ್ಡಿ ತೆಗೆದುಕೊಂಡು, ಎರಡು ಕೆಂಪಿನ ನಡುವೆ ನನ್ನ ನಾಲ್ಕು ಬೆರಳನ್ನು ಅಡ್ಡಲಾಗಿ ಇಟ್ಟೆ. ಕೂದಲೆಳೆ ಸಂದಿಲ್ಲದೆ ಕೂತಿತು.

"ಮ್ಯಾಗ್ಲುದು ಸರಿ ಕಣಪ್ಪ," ಎಂದೆ. "ತಳದಲ್ಲಿ ಇಷ್ಟು ಇಲ್ಲ. ನಾನು ಮುರ್ದೆ. ಅವತ್ತು ಡೀಸೆಲ್ ಖಾಲಿಯಾದ್ದು ನನ್ನಿಂದ, ಅವ್ರಿಂದ ಅಲ್ಲ. ಏಳಕ್ಕೆ ಎದ್ರಿಕೆ ಆಯ್ತು. ಇಷ್ಟು ವರ್ಷಾನೂ ಎದ್ರಿಕೆ ಆಯ್ತು."

ಯಾರೂ ನಗಲಿಲ್ಲ. ಅವರ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ನನ್ನ ಕೈಯನ್ನೇ, ಕಡ್ಡಿಯ ಮೇಲಿದ್ದ ಬೆರಳುಗಳನ್ನೇ, ಬಹಳ ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ, ಎಡೆಯಲ್ಲಿದ್ದ ಚಹಾದ ಬಸಿ ತಂದು ನನ್ನ ಮುಂದೆ ಹಿಡಿದರು.

"ಕುಡಿಯವ್ವ," ಎಂದರು. "ಆರಿ ಅದೆ."